‘ಇವತ್ತು ಬೇಡ’ ಅನ್ನೋ ಗೈಡ್‌ಗೆ ನನ್ನ ಐದು ಸ್ಟಾರ್

ರಾಫ್ಟಿಂಗಿಗೆ ಯಾರ ಹತ್ತಿರ ಬುಕ್ ಮಾಡೋದು ಅಂತ ಹುಡುಕುವಾಗ ಐದು ಸ್ಟಾರ್ ಕೊಟ್ಟವರ ಮಾತನ್ನು ನಾನು ಓದೋದೇ ಇಲ್ಲ. ಎಲ್ಲವೂ ಒಂದೇ ಥರ. ‘ಸೂಪರ್ ಅನುಭವ, ಗೈಡ್ ತುಂಬಾ ಫ್ರೆಂಡ್ಲಿ, ಮತ್ತೆ ಬರ್ತೀವಿ.’ ನಾನು ಸೀದಾ ಒಂದು ಸ್ಟಾರ್ ಕೊಟ್ಟು ಬೈದವರ ಹತ್ತಿರ ಹೋಗ್ತೀನಿ. ಅಲ್ಲಿ ಯಾರಾದರೂ ‘ಅಷ್ಟು ದೂರ ಕಾರು ಓಡಿಸ್ಕೊಂಡು ಹೋದರೆ ನೀರು ಜಾಸ್ತಿ ಇದೆ ಅಂತ ವಾಪಸ್ ಕಳಿಸಿದ್ರು, ವೀಕೆಂಡ್ ಪೂರ್ತಿ ಹಾಳು’ ಅಂತ ಗೊಣಗಿದ್ದರೆ ನನ್ನ ಹುಡುಕಾಟ ಅಲ್ಲಿಗೆ ಮುಗೀತು. ನನಗೆ ಬೇಕಾಗಿರೋದು ಇಂಥವರೇ.

ಹೊಳೆಯಲ್ಲಿ ರಬ್ಬರ್ ದೋಣಿ ನಡೆಸೋದು ದೊಡ್ಡ ವಿದ್ಯೆ, ಇಲ್ಲ ಅನ್ನಲ್ಲ. ಆದರೆ ಹೆಲ್ಮೆಟ್ ತೊಟ್ಟು, ಹುಟ್ಟು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ತಾ ನಿಂತಿರೋ ಜನರ ಎದುರಿಗೆ ‘ಇವತ್ತು ಬೇಡ, ದುಡ್ಡು ವಾಪಸ್ ತಗೊಳ್ಳಿ’ ಅನ್ನೋಕೆ ಬೇಕಾದ ಗಟ್ಟಿತನ ಇನ್ನೂ ದೊಡ್ಡದು. ನಾವು ದುಡ್ಡು ಕೊಡಬೇಕಾಗಿರೋದು ಆ ಗಟ್ಟಿತನಕ್ಕೆ. ಕೊಡ್ತಾ ಇರೋದು ಕಿರುಚಾಟಕ್ಕೆ ಮತ್ತು ಡ್ರೋನ್ ವಿಡಿಯೋಗೆ.

ಬೇಡ ಅನ್ನೋರೆಲ್ಲ ಪುಕ್ಕಲರು ಅಂದುಕೊಂಡವರು ಝಾಂಬೆಝಿ ನದಿಯ ಕಡೆ ನೋಡಬೇಕು. ಝಾಂಬಿಯಾ ಮತ್ತು ಝಿಂಬಾಬ್ವೆ ನಡುವೆ, ವಿಕ್ಟೋರಿಯಾ ಜಲಪಾತದ ಕೆಳಗಿನ ಬಟೋಕಾ ಕಮರಿಯಲ್ಲಿ ನಡೆಯೋ ರಾಫ್ಟಿಂಗ್ ಜಗತ್ತಿನಲ್ಲೇ ಹೆಸರುವಾಸಿ. ನೀರು ರಭಸವಾಗಿ ಧುಮುಕೋ ಒಂದೊಂದು ಜಾಗಕ್ಕೂ ಅಲ್ಲಿ ನಂಬರ್ ಇದೆ. ಒಂಬತ್ತನೆಯದಕ್ಕೆ ಇಟ್ಟಿರೋ ಹೆಸರು ‘ಕಮರ್ಶಿಯಲ್ ಸೂಯಿಸೈಡ್’. ಅದು ಬಂದಾಗ ಗೈಡ್‌ಗಳು ಗಿರಾಕಿಗಳನ್ನೆಲ್ಲ ಇಳಿಸಿ, ಬಂಡೆಗಳ ಮೇಲೆ ನಡೆಸಿಕೊಂಡು ಹೋಗಿ, ಅದರ ಕೆಳಗೆ ಮತ್ತೆ ದೋಣಿ ಹತ್ತಿಸ್ತಾರೆ. ವರ್ಷಗಟ್ಟಲೆ ಅದೇ ನೀರಿನಲ್ಲಿ ಪಳಗಿದವರು ಇವರು. ಮಿಕ್ಕ ಜಾಗಗಳಲ್ಲಿ ದೋಣಿ ಮಗುಚಿದರೂ ನಗುನಗುತ್ತಾ ಎತ್ತಿ ಕೂರಿಸ್ತಾರೆ, ಒಂಬತ್ತರಲ್ಲಿ ಮಾತ್ರ ನಡೆದೇ ಹೋಗಬೇಕು. ನದಿ ತುಂಬಿ ಹರಿಯೋ ಕಾಲದಲ್ಲಿ ಕೆಲವು ವಾರ ರಾಫ್ಟಿಂಗೇ ಬಂದ್.

ನದಿಯ ರಭಸವನ್ನು ಒಂದರಿಂದ ಆರರ ತನಕ ಗ್ರೇಡ್ ಹಾಕಿ ಅಳೀತಾರೆ ಅಂತ ಬಹಳ ಜನಕ್ಕೆ ಗೊತ್ತು. ಒಂದು ಅಂದರೆ ಸುಮ್ಮನೆ ಹರಿಯೋ ನೀರು, ಆರು ಅಂದರೆ ಪ್ರಾಣದ ಮೇಲಿನ ಆಸೆ ಬಿಟ್ಟವರಿಗೆ. ಆದರೆ ಜಾಹೀರಾತಿನಲ್ಲಿ ‘ಗ್ರೇಡ್ ಮೂರು’ ಅಂತ ಅಚ್ಚಾದ ಮಾತ್ರಕ್ಕೆ ಆ ಹೊಳೆ ವರ್ಷವಿಡೀ ಗ್ರೇಡ್ ಮೂರಾಗಿ ಇರಲ್ಲ. ನೀರಿನ ಮಟ್ಟ ಏರಿದ ಹಾಗೆ ಕೆಲವು ಬಂಡೆ ಮುಳುಗಿ ಹಾದಿ ಸಲೀಸಾಗುತ್ತೆ, ಬೇರೆ ಕಡೆ ಹೊಸ ಸುಳಿ ಏಳುತ್ತೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ, ಕೊಲೊರಾಡೋ ನದಿಯ ಮೇಲೆ ಕ್ರಿಸ್ಟಲ್ ಅನ್ನೋ ಒಂದು ಜಾಗ ಇದೆ. 1966ರ ಡಿಸೆಂಬರ್ ತನಕ ಅದು ಅಂಥಾ ದೊಡ್ಡದೇನೂ ಅಲ್ಲ. ಆ ತಿಂಗಳು ಬಿದ್ದ ಮಳೆಗೆ ಪಕ್ಕದ ಹಳ್ಳವೊಂದು ಬಂಡೆ, ಕಲ್ಲು, ಕೆಸರನ್ನೆಲ್ಲ ಉರುಳಿಸಿಕೊಂಡು ಬಂದು ನದಿಗೆ ಸುರಿದು ಅದರ ದಾರಿಯನ್ನೇ ಕಿರಿದು ಮಾಡ್ತು. ಅಲ್ಲಿಂದ ಮುಂದೆ ಕ್ರಿಸ್ಟಲ್ ಹೆಸರು ಕೇಳಿದರೆ ಗೈಡ್‌ಗಳು ಒಂದು ನಿಮಿಷ ಸುಮ್ಮನಾಗ್ತಾರೆ. 1983ರ ಬೇಸಿಗೆಯಲ್ಲಿ ಹಿಮ ವಿಪರೀತ ಕರಗಿ ಮೇಲಿನ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ತುಂಬಿ, ನೀರು ಬಿಡದೇ ವಿಧಿ ಇರಲಿಲ್ಲ. ಆಗ ಇದೇ ಕ್ರಿಸ್ಟಲ್‌ನಲ್ಲಿ ಎದ್ದ ಅಲೆ ಮೋಟಾರು ಇರೋ ಮಾರುದ್ದದ ರಾಫ್ಟ್‌ಗಳನ್ನೇ ಮಗುಚಿ ಹಾಕ್ತು, ಜೀವವೂ ಹೋಯಿತು. ಗ್ರ್ಯಾಂಡ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದ ಅಧಿಕಾರಿಗಳು ಪ್ರಯಾಣಿಕರನ್ನು ಅಲ್ಲಿ ಇಳಿಸಿ ನಡೆಸಿಕೊಂಡು ಹೋಗಿ ಅಂತ ಆದೇಶ ಮಾಡಬೇಕಾಯಿತು. ನದಿ ಅದೇ, ಜಾಗ ಅದೇ, ಗೈಡ್‌ಗಳೂ ಅವರೇ. ಬದಲಾಗಿದ್ದು ನೀರಿನ ಲೆಕ್ಕ.

ಈ ಅಣೆಕಟ್ಟಿನ ವಿಚಾರ ಸ್ವಲ್ಪ ಹಿಡಿದು ಮಾತಾಡ್ಬೇಕು. ರಾಫ್ಟಿಂಗ್ ನಡೆಯೋ ಎಷ್ಟೋ ನದಿಗಳು ಈಗ ತಮ್ಮ ಪಾಡಿಗೆ ಹರಿಯೋ ನದಿಗಳಲ್ಲ. ಮೇಲೆಲ್ಲೋ ಒಂದು ವಿದ್ಯುತ್ ಘಟಕ ಇರುತ್ತೆ, ಅಲ್ಲಿ ಟರ್ಬೈನ್ ತಿರುಗಿದರೆ ಕೆಳಗೆ ದೋಣಿ ತೇಲುತ್ತೆ. ಸೂಪಾ ಅಣೆಕಟ್ಟಿನ ಕೆಳಗೆ ಕಾಳಿ ನದಿಯಲ್ಲಿ ನಡೆಯೋದೂ ಹೀಗೇ. ಇದರಿಂದ ಒಂದು ಅನುಕೂಲ ಇದೆ: ಬೇಸಿಗೆಯಲ್ಲೂ ನೀರು ಸಿಗುತ್ತೆ. ಅನಾನುಕೂಲವನ್ನು 2014ರ ಜೂನ್ 8ರಂದು ಇಡೀ ದೇಶ ಟೀವಿಯಲ್ಲಿ ನೋಡಿದೆ. ಹಿಮಾಚಲದ ಮಂಡಿ ಜಿಲ್ಲೆಯಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಯಾಸ್ ನದಿಯ ಪಾತ್ರಕ್ಕೆ ಇಳಿದು ಬಂಡೆಗಳ ಮೇಲೆ ಫೋಟೋ ತೆಗೆಸಿಕೊಳ್ತಿದ್ರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು ಹೋದರು, ಜೊತೆಗೆ ಪ್ರವಾಸ ಕರ್ಕೊಂಡು ಹೋಗಿದ್ದ ಒಬ್ಬರು. ಅವರು ಯಾವ ಸಾಹಸಕ್ಕೂ ಹೊರಟವರಲ್ಲ. ಸುಮ್ಮನೆ ನಿಂತಿದ್ದರು.

ಹಾಗಂತ ಅಣೆಕಟ್ಟಿನ ಜೊತೆ ಬಾಳುವೆ ಮಾಡೋಕೆ ಆಗಲ್ಲ ಅಂತ ಅಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಗಾಲಿ ಅಂತ ಒಂದು ನದಿ. ಮೇಲೆ ಸಮ್ಮರ್ಸ್‌ವಿಲ್ ಅಣೆಕಟ್ಟು. ಪ್ರತಿ ಶರತ್ಕಾಲದಲ್ಲಿ ಆ ಜಲಾಶಯವನ್ನು ಹೇಗೂ ಖಾಲಿ ಮಾಡಬೇಕು. ಆ ನೀರನ್ನು ರಾತ್ರೋರಾತ್ರಿ ಬಿಟ್ಟು ಕೈತೊಳೆದುಕೊಳ್ಳೋ ಬದಲು, ಯಾವ ದಿನ ಬಿಡ್ತೀವಿ ಅಂತ ಮುಂಚೆನೇ ಪಟ್ಟಿ ಪ್ರಕಟಿಸ್ತಾರೆ. ದೋಣಿಯಾಟವೂ ಈ ಅಣೆಕಟ್ಟಿನ ಉದ್ದೇಶಗಳಲ್ಲಿ ಒಂದು ಅಂತ 1986ರಲ್ಲಿ ಅಲ್ಲಿನ ಸಂಸತ್ತೇ ಕಾನೂನಿನಲ್ಲಿ ಬರೀತು. ಗುಡ್ಡಗಾಡಿನ ಸಣ್ಣಸಣ್ಣ ಊರುಗಳಿಗೆ ಆ ಕೆಲವು ವಾರ ಸುಗ್ಗಿ. ನಮ್ಮಲ್ಲಿ ಅಣೆಕಟ್ಟಿನ ಎಂಜಿನಿಯರ್ ಮತ್ತು ಕೆಳಗಿನ ದೋಣಿಯವನ ನಡುವೆ ಇರೋ ಸಂಬಂಧ ಎಷ್ಟೋ ಕಡೆ ಒಂದು ಸೈರನ್ ಮತ್ತು ಯಾರೂ ಓದದ ಒಂದು ಬೋರ್ಡು. ಅದೂ ಇದ್ದರೆ.

ಮಳೆ ನಂಬಿಕೊಂಡ ಹೊಳೆಗಳದ್ದು ಬೇರೆ ಕತೆ. ಅಲ್ಲಿ ಗೇಟು ಎತ್ತೋದು ಯಾರು ಅಂತ ಕೇಳೋ ಹಾಗೇ ಇಲ್ಲ. ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಹತ್ತಿರ ಝಾಕ್ಸೆಟ್‌ಬಾಖ್ ಅನ್ನೋ ಹಳ್ಳದಲ್ಲಿ 1999ರ ಜುಲೈ 27ರಂದು ಒಂದು ದೊಡ್ಡ ಗುಂಪು ಕ್ಯಾನಿಯನಿಂಗ್‌ಗೆ, ಅಂದರೆ ದೋಣಿ ಇಲ್ಲದೆ ಕಮರಿಯ ನೀರಿನಲ್ಲೇ ನಡೆದು, ಜಿಗಿದು, ಜಾರಿ ಇಳಿಯೋ ಆಟಕ್ಕೆ ಇಳಿದಿತ್ತು. ಹಳ್ಳದ ಮೇಲ್ಭಾಗದಲ್ಲಿ ಗುಡುಗು ಮಳೆ ಸುರೀತು. ಕಿರಿದಾದ ಕಮರಿಯಲ್ಲಿ ನೀರು ಗೋಡೆ ಕಟ್ಟಿದ ಹಾಗೆ ಬಂತು. 21 ಜನ ಸತ್ತರು, ಅವರಲ್ಲಿ ಮೂವರು ಗೈಡ್‌ಗಳೇ. ಆಮೇಲೆ ಕೋರ್ಟಿನಲ್ಲಿ ಪ್ರಶ್ನೆ ಬಂದಿದ್ದು ಅವರಿಗೆ ಕೌಶಲ ಇತ್ತಾ ಇಲ್ವಾ ಅಂತಲ್ಲ. ಆ ಮಧ್ಯಾಹ್ನ ಯಾಕೆ ಇಳಿದಿರಿ ಅಂತ. 2001ರಲ್ಲಿ ಅದನ್ನು ನಡೆಸುತ್ತಿದ್ದ ಹೊಣೆಗಾರರಿಗೆ ಶಿಕ್ಷೆ ಆಯಿತು.

ನಾನು ಕಂಡ ಒಬ್ಬ ಗೈಡ್ ಇದ್ದಾರೆ. ದೋಣಿಗೆ ಗಾಳಿ ತುಂಬಿಸೋದನ್ನು ಹುಡುಗರಿಗೆ ಬಿಟ್ಟು, ತಾವು ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೀರು ನೋಡ್ತಾರೆ. ಒಂದು ಕಡ್ಡಿಯನ್ನು ನೀರಿನ ಅಂಚಿಗೇ ಚುಚ್ಚಿ, ಸುಮ್ಮನೆ ಬೇರೆ ಏನೋ ಮಾತಾಡ್ತಾ ಇರ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕಡ್ಡಿ ನೀರಿನೊಳಗೆ ಸರಿದಿದೆಯಾ, ನೀರಿನ ಬಣ್ಣ ಕದಡಿದೆಯಾ, ಒಣಗಿದ ಎಲೆ ತರಗು ನೊರೆ ತೇಲಿ ಬರೋಕೆ ಶುರುವಾಗಿದೆಯಾ ಅಂತ ಒಂದು ನೋಟ. ದಡದಲ್ಲಿ ಒಣಗಿ ಬಿದ್ದಿದ್ದ ತರಗು ತೇಲಿ ಬಂತು ಅಂದರೆ ಮೇಲೆಲ್ಲೋ ಹೊಳೆ ದಡ ಏರ್ತಾ ಇದೆ ಅಂತ ಅರ್ಥ, ಇಲ್ಲಿ ಆಕಾಶ ಎಷ್ಟು ನೀಲಿಯಾಗಿದ್ದರೂ ಸರಿ. ಒಂದು ಸಲ ‘ಅಣ್ಣಾ, ಎಲ್ಲಾ ರೆಡಿ’ ಅಂತ ಹುಡುಗ ಬಂದು ಹೇಳಿದಾಗ, ‘ಗಾಳಿ ತೆಗಿ’ ಅಂದರು ಅಷ್ಟೇ. ಹುಡುಗ ಎದುರು ಮಾತಾಡಲಿಲ್ಲ. ಗಿರಾಕಿಗಳು ಮಾತ್ರ ಮುಕ್ಕಾಲು ಗಂಟೆ ಜಗಳಾಡಿದರು.

ಅವರದೇ ಇನ್ನೊಂದು ಅಭ್ಯಾಸ ಹೇಳ್ತೀನಿ. ಎಲ್ಲರೂ ಲೈಫ್ ಜಾಕೆಟ್ ಹಾಕ್ಕೊಂಡ ಮೇಲೆ ಒಬ್ಬೊಬ್ಬರ ಎದುರೂ ನಿಂತು ಹೆಗಲ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೀತಾರೆ. ಜಾಕೆಟ್ ಕಿವಿ ತನಕ ಎದ್ದು ಬಂದರೆ ಅದು ಸಡಿಲ ಅಂತ ಲೆಕ್ಕ, ನೀರಿಗೆ ಬಿದ್ದಾಗ ಮೈ ಕೆಳಗೆ, ಜಾಕೆಟ್ ಮೇಲೆ. ಪಟ್ಟಿ ಮತ್ತೆ ಬಿಗೀತಾರೆ. ‘ಉಸಿರು ಕಟ್ಟುತ್ತೆ’ ಅಂತ ಗೊಣಗಿದರೆ ‘ಕಟ್ಟಲ್ಲ’ ಅಂತ ಮುಂದಿನವರ ಹತ್ತಿರ ಹೋಗ್ತಾರೆ. ಫೋಟೋದಲ್ಲಿ ದಪ್ಪ ಕಾಣ್ತೀವಿ ಅಂತ ಆಮೇಲೆ ಕದ್ದು ಸಡಿಲ ಮಾಡೋರು ಇರ್ತಾರೆ, ಅವರ ವಿಷಯದಲ್ಲಿ ನನಗೆ ಹೇಳೋಕೆ ಏನೂ ಇಲ್ಲ.

ನಾವು ಹೆದರೋದು ತಪ್ಪು ಜಾಗದಲ್ಲಿ ಅಂತ ನನಗೆ ಅನ್ನಿಸುತ್ತೆ. ಭೋರ್ಗರೆಯೋ ಬಿಳಿ ನೀರು ಕಂಡರೆ ಎದೆ ನಡುಗುತ್ತೆ, ಸದ್ದಿಲ್ಲದೆ ನೆಟ್ಟಗೆ ಹರಿದು ಒಂದು ಸಣ್ಣ ಒಡ್ಡಿನ ಮೇಲಿಂದ ಇಳಿಯೋ ನೀರು ಕಂಡರೆ ‘ಆಹಾ, ಇಲ್ಲಿ ಸ್ನಾನ ಮಾಡೋಣ’ ಅನ್ನಿಸುತ್ತೆ. ಆಳೆತ್ತರವೂ ಇಲ್ಲದ ಆ ಒಡ್ಡಿನ ಬುಡದಲ್ಲಿ ನೀರು ಕೆಳಗಿಳಿದು, ಮೇಲೆದ್ದು, ಮತ್ತೆ ಒಡ್ಡಿನ ಕಡೆಗೇ ಹಿಂದಕ್ಕೆ ಬರುತ್ತೆ. ಸಿಕ್ಕಿಕೊಂಡವರು ವಾಷಿಂಗ್ ಮಷೀನಿನ ಬಟ್ಟೆ ಹಾಗೆ ಅಲ್ಲೇ ಸುತ್ತಬೇಕು. ನೊರೆಯಲ್ಲಿ ಗಾಳಿಯೇ ಜಾಸ್ತಿ ಇರೋದರಿಂದ ತೇಲೋದೂ ಕಷ್ಟ, ದೋಣಿ ತಂದು ಎತ್ತೋಕೆ ಬಂದವರೂ ಅದೇ ಸುತ್ತಿನಲ್ಲಿ ಸಿಕ್ಕಿಕೊಂಡು ಸತ್ತ ಉದಾಹರಣೆಗಳಿವೆ. ನೈಸರ್ಗಿಕ ಬಂಡೆಯ ಹಿಂದಿನ ಸುಳಿಗೆ ಪಕ್ಕದಲ್ಲೆಲ್ಲಾದರೂ ಬಿಡುವು ಇರುತ್ತೆ. ಮನುಷ್ಯರು ಅಳತೆ ಹಿಡಿದು ಕಟ್ಟಿದ ಒಡ್ಡು ದಡದಿಂದ ದಡಕ್ಕೆ ಒಂದೇ ಸಮ, ತಪ್ಪಿಸಿಕೊಳ್ಳೋ ಸಂದೇ ಇಲ್ಲ.

ಹಾಗೇ ದಡದಿಂದ ಹೊಳೆಗೆ ಬಾಗಿ ಬಿದ್ದ ಮರ. ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತೆ, ಮನುಷ್ಯರು ಹೋಗಲ್ಲ. ಇನ್ನೊಂದು, ದೋಣಿಯಿಂದ ಬಿದ್ದ ತಕ್ಷಣ ಎದ್ದು ನಿಲ್ಲೋ ಆಸೆ. ಮೊಣಕಾಲಿನ ಮೇಲಿನ ಓಡೋ ನೀರಿನಲ್ಲಿ ನಿಂತರೆ ಪಾದ ಎರಡು ಕಲ್ಲಿನ ನಡುವೆ ಸಿಕ್ಕಿಕೊಳ್ಳುತ್ತೆ, ಮಿಕ್ಕ ಮೈಯನ್ನು ನೀರು ಮುಂದಕ್ಕೆ ತಳ್ಳಿ ಮುಳುಗಿಸುತ್ತೆ. ಹರಿವಿನ ವೇಗ ಎರಡರಷ್ಟಾದರೆ ಅದು ಮೈಮೇಲೆ ಹಾಕೋ ಒತ್ತಡ ನಾಲ್ಕರಷ್ಟು. ಅದಕ್ಕೇ ಗೈಡ್‌ಗಳು ಗಂಟಲು ಹರಿಯೋ ಹಾಗೆ ಹೇಳೋದು: ಬೆನ್ನ ಮೇಲೆ ತೇಲಿ, ಕಾಲು ಮುಂದೆ, ಪಾದ ನೀರಿನ ಮೇಲೆ ಕಾಣಬೇಕು, ಹಗ್ಗ ಎಸೆದಾಗ ಹಗ್ಗ ಹಿಡೀರಿ, ಕೈಗೆ ಸುತ್ತಿಕೊಳ್ಳಬೇಡಿ. ಆ ಹತ್ತು ನಿಮಿಷದ ಪಾಠದ ಹೊತ್ತಲ್ಲಿ ಅರ್ಧ ಜನ ರೀಲ್ಸ್ ಮಾಡ್ತಿರ್ತಾರೆ.

ಸರಿ, ಇಷ್ಟೆಲ್ಲ ಗೊತ್ತಿದ್ದೂ ‘ಬೇಡ’ ಅನ್ನೋ ಗೈಡ್ ಯಾಕೆ ಅಪರೂಪ? ಎಷ್ಟೋ ಕಡೆ ಗೈಡ್‌ಗೆ ಸಂಬಳ ಇಲ್ಲ, ಟ್ರಿಪ್ಪಿಗೆ ಇಷ್ಟು ಅಂತ ಲೆಕ್ಕ. ದೋಣಿ ಇಳಿದರೆ ಕೂಲಿ, ಇಳಿಯದಿದ್ದರೆ ಇಲ್ಲ. ಸುತ್ತಮುತ್ತಲ ಹಳ್ಳಿಯ ಹುಡುಗರು, ಸೀಸನ್ ಇರೋದೇ ಕೆಲವು ತಿಂಗಳು. ನೀರು ಏರಿದೆ ಅಂತ ಹೇಳಿದರೆ ಆ ದಿನದ ದುಡಿಮೆ ಅವರದೇ ಹೋಗೋದು. ಮಾಲೀಕರಿಗೆ ಬುಕಿಂಗ್ ಹೋಗೋದು, ನಮಗೆ ವೀಕೆಂಡ್ ಹೋಗೋದು. ಇಷ್ಟು ಜನರ ನಷ್ಟವನ್ನು ಒಬ್ಬ ಹುಡುಗನ ನಾಲಿಗೆ ಮೇಲೆ ಇಟ್ಟು, ಸರಿಯಾದ ತೀರ್ಮಾನ ತಗೋ ಅಂದರೆ ಹೇಗೆ? ತರಬೇತಿ, ಸರ್ಟಿಫಿಕೇಟು, ಹೊಸ ಹೆಲ್ಮೆಟ್ ಎಲ್ಲ ಬೇಕು. ಆದರೆ ರದ್ದಾದ ದಿನಕ್ಕೂ ಗೈಡ್‌ಗೆ ಕೂಲಿ ಸಿಗೋದು ಅವೆಲ್ಲಕ್ಕಿಂತ ಹೆಚ್ಚು ಜೀವ ಉಳಿಸುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಟಿಕೆಟ್ ದರ ಸ್ವಲ್ಪ ಏರಿದರೆ ಏರಲಿ.

ಸರ್ಕಾರ ಏನು ಮಾಡ್ತಿದೆ ಅಂತ ಕೇಳೋರಿಗೆ: ಹೆಚ್ಚಿನ ಸಲ ಏನೂ ಮಾಡಲ್ಲ, ಆಮೇಲೆ ಒಂದು ದಿನ ಎಲ್ಲವನ್ನೂ ನಿಲ್ಲಿಸುತ್ತೆ. 2018ರ ಜೂನ್‌ನಲ್ಲಿ ಉತ್ತರಾಖಂಡದ ಹೈಕೋರ್ಟು ಸರಿಯಾದ ನೀತಿ ಬರೋ ತನಕ ರಾಫ್ಟಿಂಗ್, ಪ್ಯಾರಾಗ್ಲೈಡಿಂಗ್ ಎಲ್ಲ ನಿಲ್ಲಿಸಿ ಅಂದಿತು. ಕೋರ್ಟಿನ ಸಿಟ್ಟು ನ್ಯಾಯವಾದದ್ದೇ, ಆದರೆ ಅಂಥ ಬಂದ್‌ನ ಪೆಟ್ಟು ಬೀಳೋದು ನಿಯಮ ಪಾಲಿಸುವವರಿಗೂ ಪಾಲಿಸದವರಿಗೂ ಒಂದೇ ಸಮ. ಸ್ವಿಸ್ ಸರ್ಕಾರವೇನೂ ಚುರುಕಾಗಿರಲಿಲ್ಲ. 1999ರ ದುರಂತ ಆದ ಮೇಲೂ ರಾಫ್ಟಿಂಗ್, ಕ್ಯಾನಿಯನಿಂಗ್, ಬಂಗೀ ನಡೆಸೋರಿಗೆ ಪರವಾನಗಿ ಕಡ್ಡಾಯ ಮಾಡೋ ಕಾನೂನು ಜಾರಿಗೆ ಬಂದಿದ್ದು 2014ರಲ್ಲಿ. ಆದರೂ ಬಂತು. ನಿಷೇಧಕ್ಕೂ ಪರವಾನಗಿಗೂ ಇರೋ ವ್ಯತ್ಯಾಸ ಏನಂದರೆ, ಪರವಾನಗಿ ಇದ್ದಾಗ ಕಳ್ಕೊಳ್ಳೋಕೆ ಏನೋ ಒಂದು ಇರುತ್ತೆ.

ಕೊನೆಗೆ, ಇನ್‌ಬಾಕ್ಸಿನಲ್ಲಿ ಪದೇಪದೇ ಬರೋ ಪ್ರಶ್ನೆ: ಈಜು ಬರಲ್ಲ, ಹೋಗಬಹುದಾ? ಗ್ರೇಡ್ ಎರಡು-ಮೂರರ ನೀರಿಗೆ, ಸರಿಯಾಗಿ ಬಿಗಿದ ಜಾಕೆಟ್ ಇದ್ದರೆ, ಜೊತೆಗೆ ರಕ್ಷಣೆಗೆ ಕಯಾಕ್ (ಒಬ್ಬರೇ ಕೂತು ನಡೆಸೋ ಸಣ್ಣ ದೋಣಿ) ಇದ್ದರೆ ಧಾರಾಳವಾಗಿ ಹೋಗಿ. ಈಜು ಬರಲ್ಲ ಅನ್ನೋದನ್ನು ಹತ್ತೋ ಮುಂಚೆ ಗೈಡ್‌ಗೆ ಹೇಳಿ, ನಿಮ್ಮನ್ನು ತಮ್ಮ ಹತ್ತಿರ ಕೂರಿಸಿಕೊಳ್ತಾರೆ. ನನ್ನ ಅನುಭವದಲ್ಲಿ ಈಜು ಬರದವರು ಹೇಳಿದ ಮಾತು ಕೇಳ್ತಾರೆ. ಗೈಡ್‌ಗಳಿಗೆ ತಲೆನೋವು ತರೋದು ‘ನಂಗೆ ಈಜು ಬರುತ್ತೆ, ಜಾಕೆಟ್ ಬೇಡ’ ಅನ್ನೋ, ಕೆರೆ ಬಾವಿಯಲ್ಲಿ ಈಜು ಕಲಿತ ಗಂಡಸರು. ಫೋನ್ ಮಾಡಿದಾಗ ಎರಡೇ ಪ್ರಶ್ನೆ ಕೇಳಿ. ನೀರು ಎಷ್ಟು ಏರಿದರೆ ನಿಲ್ಲಿಸ್ತೀರಾ? ಹಿಂದಿನ ಸಲ ಯಾವಾಗ ನಿಲ್ಲಿಸಿದ್ರಿ? ಎರಡಕ್ಕೂ ತಡವರಿಸದೆ ಉತ್ತರ ಬಂದರೆ ಬುಕ್ ಮಾಡಿ. ‘ಸಾರ್, ನಮ್ಮಲ್ಲಿ ಕ್ಯಾನ್ಸಲ್ ಅನ್ನೋ ಮಾತೇ ಇಲ್ಲ, ಆರಾಮಾಗಿ ಬನ್ನಿ’ ಅಂದರೆ ಬೇರೆ ನಂಬರ್ ಹುಡುಕಿ.