ಕಾಕಾನ ದೋಣಿಗೆ ಕೆಂಪು ದೀಪ

ನಮ್ಮ ಬಾಗಲಕೋಟೆ ಕಡೆ ಬೈಕ್ ರಿಸರ್ವ್‌ಗೆ ಬಂತೆಂದರೆ ಯಾರೂ ಗಾಬರಿಯಾಗುವುದಿಲ್ಲ. ಇನ್ನೂ ಸ್ವಲ್ಪ ಐತಿ ಎಂಬ ಖುಷಿಯಲ್ಲೇ ಮುಂದಿನ ಊರಿಗೆ ಹೊರಡುತ್ತಾರೆ. ಹಳೇ ಬೈಕುಗಳ ಟ್ಯಾಂಕಿನೊಳಗೆ ತಳದಿಂದ ಮೇಲಕ್ಕೆ ನಿಂತ ಎರಡು ಕೊಳವೆ ಇರುತ್ತಿದ್ದವು, ಒಂದು ಉದ್ದ, ಒಂದು ಗಿಡ್ಡ. ಉದ್ದದ್ದಕ್ಕೆ ಪೆಟ್ರೋಲ್ ಸಿಗದೇ ಹೋದಾಗ ನಲ್ಲಿ ತಿರುವಿದರೆ ಗಿಡ್ಡದ್ದು ಕೈ ಹಿಡಿಯುತ್ತಿತ್ತು. ಅದೂ ಮುಗಿದ ಮೇಲೆ ಬೈಕನ್ನು ಒಂದು ಮಗ್ಗುಲಿಗೆ ಮಲಗಿಸಿ, ಮತ್ತೆ ಎಬ್ಬಿಸಿದರೆ ಇನ್ನೊಂದು ಕಿಲೋಮೀಟರ್.

ಆದರೆ ದೋಣಿಯನ್ನು ಮಲಗಿಸಲು ಆಗುವುದಿಲ್ಲ ಅಲ್ವಾ?

ನಮ್ಮ ಕಾಕಾನದ್ದು ಬೀಳಗಿ ಕಡೆ ಹಿನ್ನೀರಿನಲ್ಲಿ ಓಡುವ ದೋಣಿ. ಆಲಮಟ್ಟಿ ಅಣೆಕಟ್ಟು ತುಂಬಿ ನೀರು ಸಮುದ್ರಮಟ್ಟದಿಂದ 519.60 ಮೀಟರ್ ಮುಟ್ಟಿತೆಂದರೆ ಹೊಲಕ್ಕೆ ಹೋಗುವ ದಾರಿಯೇ ನೀರಾಗುತ್ತದೆ. ಆಗ ಜನ, ಮೇವು, ಬೈಕು, ಆಡು ಎಲ್ಲವೂ ಕಾಕಾನ ದೋಣಿಯಲ್ಲೇ. ಹಿಂದೆ ಒಂದು ಡೀಸೆಲ್ ಎಂಜಿನ್. ಅದು ಮೊದಲು ಪಂಪ್‌ಸೆಟ್ಟಿನಲ್ಲಿ ದುಡಿದದ್ದು, ಈಗ ಬಡ್ತಿ ಸಿಕ್ಕಿದೆ. ಎಣ್ಣೆ ಎಷ್ಟಿದೆ ಎಂದು ನೋಡಲು ಕಾಕಾನ ಹತ್ತಿರ ಒಂದು ಜೋಳದ ದಂಟಿತ್ತು. ಟ್ಯಾಂಕಿಗೆ ಅದ್ದಿ, ಎತ್ತಿ, ಹಸಿಯಾದ ಜಾಗ ನೋಡಿ, ತಲೆಯಾಡಿಸುತ್ತಿದ್ದ. ಒಂದು ದಿನ ಆ ಅಳತೆಗೋಲನ್ನು ಆಡು ತಿಂದಿತು. ಡೀಸೆಲ್ ವಾಸನೆಯೂ ಅದಕ್ಕೆ ಅಡ್ಡ ಬರಲಿಲ್ಲ.

ಡೀಸೆಲ್ ಎಂಜಿನ್ ಎಣ್ಣೆ ಮುಗಿದು ನಿಂತರೆ ಎಣ್ಣೆ ಹಾಕಿದ ತಕ್ಷಣ ಚಾಲೂ ಆಗುವುದಿಲ್ಲ. ಪೈಪಿನೊಳಗೆ ಗಾಳಿ ಹೊಕ್ಕಿರುತ್ತದೆ. ಫಿಲ್ಟರಿನ ಬೋಲ್ಟ್ ಸಡಿಲಿಸಿ, ಬುರುಗು ನಿಂತು ಬರೀ ಡೀಸೆಲ್ ಬರುವ ತನಕ 'ಏರ್' ತೆಗೆಯಬೇಕು. ದಂಡೆಯಲ್ಲಾದರೆ ಕಿರಿಕಿರಿ. ನಡುನೀರಿನಲ್ಲಿ, ಸುತ್ತಲೂ ಸಲಹೆ ಕೊಡುವ ಜನರನ್ನು ಕೂರಿಸಿಕೊಂಡು ಮಾಡುವುದು ಶಿಕ್ಷೆ.

ಹಾಗಾಗಿ ಎಣ್ಣೆ ಮುಗಿಯುವ ಮೊದಲೇ ಹತ್ತುವ ದೀಪ ಮಾಡಿಕೊಡುತ್ತೇನೆ ಎಂದೆ.

"ನಿನಗ್ಯಾಕಪಾ ಈ ಉಸಾಬರಿ?" ಎಂದ ಕಾಕಾ. ಇದೇ ಜಿಲ್ಲೆಯ ಚಿಕ್ಕಪಡಸಲಗಿಯಲ್ಲಿ ರೈತರು ಸರ್ಕಾರವನ್ನು ಕಾಯದೆ, ತಾವೇ ದುಡ್ಡು ಹಾಕಿ, ಕೃಷ್ಣೆಗೆ 1989ರಲ್ಲಿ ಬ್ಯಾರೇಜನ್ನೇ ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ ಬ್ಯಾರೇಜ್ ಸಿದ್ದು ಎಂದೇ ಹೆಸರಾಯಿತು. ಅಂಥ ಜಿಲ್ಲೆಯಲ್ಲಿ ಹುಟ್ಟಿ ಒಂದು ದೀಪ ಮಾಡದಿದ್ದರೆ ಹೇಗೆ?

ಲೆಕ್ಕ ಸುಲಭ. ಒಂದು ಸಣ್ಣ ತೇಲುಬುರುಡೆ, ಅದರೊಳಗೆ ಅಯಸ್ಕಾಂತ. ನಡುವಿನ ಕಡ್ಡಿಯೊಳಗೆ ಗಾಜಿನ ಪುಟ್ಟ ರೀಡ್ ಸ್ವಿಚ್. ಎಣ್ಣೆ ಇಳಿದಂತೆ ಬುರುಡೆ ಇಳಿಯುತ್ತದೆ, ಅಯಸ್ಕಾಂತ ಹತ್ತಿರ ಬಂದಾಗ ಸ್ವಿಚ್ ಕೂಡುತ್ತದೆ, ದೀಪ ಹತ್ತುತ್ತದೆ. ಹಳೇ ಬೈಕಿನ 12 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿ, ಅದು ಸುಡದಂತೆ 1 ಕಿಲೋ ಓಮ್ ರೆಸಿಸ್ಟರ್, ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್. ಎಲ್‌ಇಡಿ 2 ವೋಲ್ಟ್ ಇಟ್ಟುಕೊಂಡರೆ ಉಳಿದ ಹತ್ತಕ್ಕೆ 10 ಮಿಲಿಆಂಪ್ ಹರಿಯುತ್ತದೆ. ಬ್ಯಾಟರಿಗೆ ಗೊತ್ತೂ ಆಗುವುದಿಲ್ಲ.

ನೀರಿಗಿಳಿದ ಮೇಲೆ ಬೇರೆಯೇ ಕಥೆ. ದೋಣಿ ಅಲುಗಿದರೆ ಟ್ಯಾಂಕಿನೊಳಗೆ ಎಣ್ಣೆಯೂ ಅಲುಗುತ್ತದೆ. ಅರ್ಧ ಟ್ಯಾಂಕಿಗಿಂತ ಸ್ವಲ್ಪ ಕಡಿಮೆಯಾದರೆ ಸಾಕು, ಪ್ರತಿ ತೆರೆಗೂ ದೀಪ ಮಿಣಮಿಣ. "ಗಣಪತಿ ಕೂಡ್ಸೀರೇನ?" ಎಂದು ಒಬ್ಬ ಅಜ್ಜಿ ಕೇಳಿಯೇ ಬಿಟ್ಟರು. ಅದಕ್ಕೆ ಮದ್ದು ಉಂಟು. ಒಂದು ಲಕ್ಷ ಓಮ್ ರೆಸಿಸ್ಟರ್, ಅದರ ಮೂಲಕ ನಿಧಾನವಾಗಿ ತುಂಬುವ 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದು ಸಾಕಷ್ಟು ತುಂಬಿತೇ ಎಂದು ನೋಡುವ ಒಂದು ಕಂಪ್ಯಾರೇಟರ್ ಐಸಿ. ಸ್ವಿಚ್ ಸುಮಾರು 10 ಸೆಕೆಂಡ್ ಕೂಡಿಯೇ ಇದ್ದರೆ ಮಾತ್ರ ದೀಪ ಹತ್ತಬೇಕು. ತೆರೆ ಅಷ್ಟು ಹೊತ್ತು ನಿಲ್ಲುವುದಿಲ್ಲ.

ತೆರೆ ನಿಲ್ಲುವುದಿಲ್ಲ, ಜನ ನಿಲ್ಲುತ್ತಾರೆ. ತೇಲುಬುರುಡೆ ಕೂರಬೇಕಾದದ್ದು ಟ್ಯಾಂಕಿನ ನಟ್ಟನಡುವೆ. ಆದರೆ ಟ್ಯಾಂಕಿಗೆ ಹೊಸ ತೂತು ಹಾಕಲು ಕಾಕಾ ಬಿಡಲಿಲ್ಲ. ಇದ್ದ ಒಂದೇ ತೂತು ಹಿಂದಿನ ಮೂಲೆಯಲ್ಲಿ. ದಂಡೆ ಹತ್ತಿರ ಬಂತೆಂದರೆ ನಮ್ಮ ಜನ ಕೂರುತ್ತಾರೆಯೇ? ಬಸ್ ಸ್ಟ್ಯಾಂಡ್ ಬರುವ ಮೊದಲೇ ಬಾಗಿಲಲ್ಲಿ ನಿಲ್ಲುವವರು. ಎಲ್ಲರೂ ಗಂಟುಮೂಟೆ ಸಮೇತ ಮೂತಿಯ ಕಡೆ ಬರುತ್ತಾರೆ. ಮೂತಿ ಬಾಗುತ್ತದೆ, ಎಣ್ಣೆ ಮುಂದಕ್ಕೆ ಹರಿಯುತ್ತದೆ, ಹಿಂದಿನ ಬುರುಡೆ ಇಳಿಯುತ್ತದೆ. ಹತ್ತಿತು ಕೆಂಪು ದೀಪ. ಪ್ರತಿ ಸಲವೂ ದಂಡೆಗೆ ತಾಗುವ ಹೊತ್ತಿಗೆ ಸರಿಯಾಗಿ.

ಕೆಲವೇ ದಿನಗಳಲ್ಲಿ ಊರಿಗೆಲ್ಲ ಗೊತ್ತಾಯಿತು, ದೀಪ ಹತ್ತಿದರೆ ಇಳಿಯಬೇಕು. ಕಾಕಾನಿಗೂ ಅದು ಇಷ್ಟವಾಗಿತ್ತು. "ದನಿ ಮಾಡೂದ ತಪ್ಪಿತು ನೋಡು" ಎಂದು ನನ್ನ ಬೆನ್ನು ತಟ್ಟಿದ. ನನ್ನ ವಿವರಣೆ ಯಾರಿಗೂ ಬೇಕಿರಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡುವ ದೀಪಕ್ಕೆ ವಿವರಣೆ ಯಾಕೆ?

ಆಮೇಲೊಂದು ದಿನ ಎಣ್ಣೆ ನಿಜವಾಗಿಯೂ ಕಡಿಮೆಯಾಯಿತು. ನಡುನೀರು, ಸಂಜೆ ಹೊತ್ತು. ದೀಪ ತನ್ನ ಧರ್ಮಕ್ಕೆ ಸರಿಯಾಗಿ ಹತ್ತಿತು. ಎಲ್ಲರೂ ಎದ್ದು ನಿಂತರು. ಸುತ್ತ ನೀರು ಕಾಣುತ್ತಿದ್ದರೂ ಚೀಲ ಹೆಗಲಿಗೇರಿಸಿ ಮುಂದೆ ನಡೆದರು. ಕಾಕಾ ಹಿಂದಿನಿಂದ "ಕುಂಡ್ರಿ, ಕುಂಡ್ರಿ" ಎಂದು ಕೂಗಿದರೆ, "ಅಲ್ಲೋ, ದೀಪ ಹತ್ತೇತಿ" ಎಂದು ಆ ಅಜ್ಜಿಯೇ ಜಗಳಕ್ಕೆ ನಿಂತರು. ಮೂತಿ ಬಾಗಿತು. ಉಳಿದ ಅಷ್ಟಿಷ್ಟು ಎಣ್ಣೆ ಟ್ಯಾಂಕಿನ ಮುಂದಿನ ಮೂಲೆಗೆ ಹೋಯಿತು. ಎಂಜಿನ್ನಿಗೆ ಹೋಗುವ ಪೈಪ್ ಇರುವುದು ಹಿಂದೆ. ಅದು ಬರೀ ಗಾಳಿ ಎಳೆದುಕೊಂಡು, ಎರಡು ಸಲ ಕೆಮ್ಮಿ, ನಿಂತಿತು. ಎಲ್ಲರೂ ಸುಮ್ನೆ ಕೂತಿದ್ದರೆ ದಂಡೆ ಮುಟ್ಟುವಷ್ಟು ಎಣ್ಣೆ ಇತ್ತು.

ಕಾಕಾ ಪಾನಾ ಹಿಡಿದು ಏರ್ ತೆಗೆದ. ಕ್ಯಾನಿನಲ್ಲಿದ್ದ ಎಣ್ಣೆ ಸುರಿದ. ಜನ ಸಲಹೆ ಕೊಟ್ಟರು. ಆಡೂ ಏನೋ ಹೇಳಿತು. ಹಿನ್ನೀರಿಗೆ ಸೆಳೆತ ಇಲ್ಲದ್ದರಿಂದ ದೋಣಿ ಇದ್ದಲ್ಲೇ ಇತ್ತು.

ಬುರುಡೆಯನ್ನು ನಡುವಿಗೆ ತರೋಣ ಕಾಕಾ, ಒಂದೇ ಒಂದು ತೂತು ಎಂದು ಮತ್ತೆ ಕೇಳಿದೆ. ಒಪ್ಪಲಿಲ್ಲ. ಇಳಿಯುವ ದೀಪ ಹೋದರೆ ಜನರಿಗೆ ತ್ರಾಸಾಗುತ್ತದಂತೆ. ಅದರ ಬದಲು ಪೇಂಟರನ್ನು ಕರೆಸಿ ದೀಪದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ: 'ದಂಡಿ ಕಂಡರ ಮಾತ್ರ ಇಳೀರಿ. ಇಲ್ಲಾಂದ್ರ ಎಣ್ಣಿ ಇಲ್ಲ, ಕುಂಡ್ರಿ.' ಪೇಂಟರಿಗೆ ಕೊಟ್ಟದ್ದು ನನ್ನ ದೀಪದ ಖರ್ಚಿಗಿಂತ ಜಾಸ್ತಿ.