ಚಪ್ಪಲಿ ಹೊರಗೆ, ಮೂಗು ಒಳಗೆ

ನಮ್ಮ ದೊಡ್ಡಪ್ಪ ಆಸ್ಪತ್ರೆ ಸೇರಿದ್ದು ಕಾಲು ಮುರಿದುಕೊಂಡು. ಜುಲೈ ಮಳೆ, ಅಂಗಳದ ಪಾಚಿ, 74 ವರ್ಷ. ಜಾರದೆ ಇನ್ನೇನು? ರಾಡ್ ಹಾಕಿ ಆಯಿತು, ಇನ್ನೆರಡು ದಿನದಲ್ಲಿ ಮನೆಗೆ ಅಂದರು ಡಾಕ್ಟರು. ಐದನೇ ದಿನ ಜ್ವರ, ಕೆಮ್ಮು, ಮೂಗಿಗೆ ಆಕ್ಸಿಜನ್ ಪೈಪು. ಇನ್‌ಫ್ಲುಯೆಂಜಾ ಅಂತೆ. "ಕಾಲು ಮುರಿದ್ರೆ ಫ್ಲೂ ಬರ್ತದಾ?" ಅಂತ ದೊಡ್ಡಮ್ಮ ಕೇಳಿದರು.

ಬರುವುದಿಲ್ಲ. ನೋಡಲಿಕ್ಕೆ ಬಂದವರು ತರುತ್ತಾರೆ, ಎಳನೀರು ಬೊಂಡದ ಜೊತೆ.

ಮಂಗಳೂರಿನಲ್ಲಿ ಮದುವೆಗೆ ಹೋಗದಿದ್ದರೆ ಕ್ಷಮೆ ಉಂಟು. ಆಸ್ಪತ್ರೆಗೆ ಹೋಗದಿದ್ದರೆ ಇಲ್ಲ. ಭಾನುವಾರ ಒಂದೇ ದಿನ 11 ಜನ ಬಂದರು. ಪಾಸ್ ಒಂದೇ. ಅದು ಲಿಫ್ಟಿನಲ್ಲಿ ಹತ್ತಿ ಇಳಿದು, ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನ ಸಿಟಿ ಬಸ್ಸಿಗಿಂತ ಜಾಸ್ತಿ ಟ್ರಿಪ್ ಹೊಡೆಯಿತು. ಸುರತ್ಕಲ್ಲಿನ ಮಾವ ಮೂಗು ಒರೆಸಿ, ಅದೇ ಕೈಯಲ್ಲಿ ದೊಡ್ಡಪ್ಪನ ಕೈ ಹಿಡಿದು, "ನಂಗೂ ನಾಲ್ಕು ದಿನದಿಂದ ಜ್ವರ ಭಾವಾ. ಆದ್ರೂ ನಿಮ್ಮನ್ನು ನೋಡದೆ ಮನಸ್ಸು ಕೇಳ್ಲಿಲ್ಲ" ಅಂದರು. ಎಲ್ಲರ ಕಣ್ಣೂ ಒದ್ದೆಯಾಯಿತು. ಮಾವನ ಮೂಗು ಮೊದಲೇ ಒದ್ದೆ ಇತ್ತು.

ಬಾಗಿಲಲ್ಲಿ ತಪಾಸಣೆ ಇಲ್ಲ ಅನ್ನಬೇಡಿ. ಉಂಟು. ವಾಚ್‌ಮನ್ ಚಪ್ಪಲಿ ಬಿಡಿಸುತ್ತಾನೆ. ಚೀಲ ಬಿಚ್ಚಿಸಿ ಮೀನು ಸಾರು ಉಂಟಾ ನೋಡುತ್ತಾನೆ. ಮೂಗು ಅವನ ಡ್ಯೂಟಿಯಲ್ಲಿ ಬರುವುದಿಲ್ಲ. ಗೋಡೆಯ ಸ್ಯಾನಿಟೈಸರ್ ಒತ್ತಿದರೆ ಪುಸ್ ಅಂತ ಗಾಳಿ ಬರುತ್ತದೆ. ಕೊರೋನಾ ಕಾಲದ ಸ್ಮಾರಕ, ಸುಮ್ನೆ ಕೈ ಮುಗಿದು ಮುಂದೆ ಹೋಗಬೇಕು.

ಫ್ಲೂ ವೈರಸ್ಸಿಗೂ ಅದರದ್ದೇ ಆಯ್ಕೆ ಇದೆ. ವಯಸ್ಸು 65 ದಾಟಿರಬೇಕು. ಶುಗರ್ ಇದ್ದರೆ ಒಳ್ಳೆಯದು. ಹಾರ್ಟು, ಕಿಡ್ನಿ, ದಮ್ಮು ಏನಾದರೊಂದು ಕೈಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಹಳೇ ಬೀಡಿಯ ಶ್ವಾಸಕೋಶ ಸಿಕ್ಕಿದರೆ ಹಬ್ಬ. ದೊಡ್ಡಪ್ಪನಲ್ಲಿ ವಯಸ್ಸು, ಶುಗರ್, ಬೀಡಿ ಮೂರೂ ಉಂಟು. ಪಕ್ಕದ ಮಂಚಕ್ಕೂ ಅವರಿಗೂ ನಡುವೆ ಒಂದು ಹಸಿರು ಪರದೆ, ಎರಡು ಮೊಳ ಜಾಗ. ಕೆಮ್ಮಿನ ಹನಿ ಒಂದು ಮೀಟರ್ ಸಲೀಸಾಗಿ ದಾಟುತ್ತದೆ. ಮಂಚದ ಸ್ಟೀಲ್ ಸರಳಿನ ಮೇಲೆ ವೈರಸ್ 24ರಿಂದ 48 ಗಂಟೆ ಬದುಕಬಲ್ಲದು. ಆ ಸರಳು ಹಿಡಿಯದೆ ಮಾತಾಡುವ ನೆಂಟ ಇನ್ನೂ ಹುಟ್ಟಿಲ್ಲ. ಬಿಪಿ ನೋಡಲು ಬಂದ ಸಿಸ್ಟರ್ ಕೂಡ ಸೀನಿದರು. "ರಜೆ ಕೇಳಿದೆ, ಜನ ಇಲ್ಲ ಅಂದ್ರು." ಪಾಪ, ಅವರನ್ನು ಏನನ್ನುವುದು?

ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆ ಇದೆಯಲ್ಲ ಅಂದೆ. ಲಸಿಕೆ ಅಂದರೆ ಮಕ್ಕಳಿಗೆ ಅಲ್ವಾ, ನನಗೆ ಕಷಾಯ ಸಾಕು ಅನ್ನುವ ಪಂಗಡ ದೊಡ್ಡಪ್ಪನದು.

ಈಗ ಮನೆಯಲ್ಲಿ ವಿಚಾರಣೆ ನಡೆದಿದೆ. ತಂದದ್ದು ಯಾರು? ಎಲ್ಲರೂ ಸುರತ್ಕಲ್ ಕಡೆ ಕೈ ತೋರಿಸುತ್ತಾರೆ. ನಾನೂ ತಲೆ ಆಡಿಸುತ್ತೇನೆ. ಸೋಮವಾರ ನಾನು ಹೋಗಿದ್ದೆ. ಆರಾಮಾಗಿದ್ದೆ, ದೊಡ್ಡಪ್ಪನಿಗೆ ಗಂಜಿ ತಿನ್ನಿಸಿದ್ದೆ. ಮಂಗಳವಾರ ಬೆಳಿಗ್ಗೆ ಗಂಟಲು ಕೆರೆತ ಶುರುವಾಯಿತು. ಲಕ್ಷಣ ಕಾಣುವ ಹಿಂದಿನ ದಿನವೇ ಫ್ಲೂ ಹರಡಬಹುದು ಅಂತ ಡಾಕ್ಟರು ಹೇಳುವಾಗ ನಾನು ಕಿಟಕಿ ಕಡೆ ನೋಡುತ್ತಿದ್ದೆ.

ಚಪ್ಪಲಿ ಮಾತ್ರ ಹೊರಗೇ ಬಿಟ್ಟಿದ್ದೆ.