ಫಾರ್ಮ್ಯಾಟ್ ಹೊಡೆಸುವ ಮುಂಚೆ ಒಂದಿಷ್ಟು ನೋಡಿ

ಮನೆಯ ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗುತ್ತಿದೆ ಅಂತ ನಮ್ಮ ವಿಜಯಪುರದಲ್ಲಿ ಯಾರಿಗೆ ಹೇಳಿದರೂ ಬರುವ ಉತ್ತರ ಒಂದೇ. "ವಿಂಡೋಸ್ ಕೆಟ್ಟೈತ್ರಿ, ಫಾರ್ಮ್ಯಾಟ್ ಹೊಡಸ್ರಿ." ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಿ ಅಂತ. ಅಂಗಡಿಯವರು ಅದನ್ನೇ ಹೇಳುತ್ತಾರೆ. ಕಾಲೇಜಿಗೆ ಹೋಗುವ ಹುಡುಗರು ಅದನ್ನೇ ಹೇಳುತ್ತಾರೆ. ಮದುವೆ ಮನೆಯಲ್ಲಿ ಪಕ್ಕ ಕೂತ ಬೀಗರೂ ಅದನ್ನೇ ಹೇಳುತ್ತಾರೆ. ನನಗೆ ಇದರ ಮೇಲೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಬರೆದೇ ಬಿಡುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ಈ ನಂಬಿಕೆ ಸುಮ್ನೆ ಹುಟ್ಟಿದ್ದೇನಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಅನ್ನುವ ವರ್ಮ್, ಅಂದರೆ ನೆಟ್‌ವರ್ಕಿನಲ್ಲಿ ತಾನಾಗೇ ಹರಡುವ ವೈರಸ್ ಬಂದಿತ್ತು. ವಿಂಡೋಸ್ ಎಕ್ಸ್‌ಪಿ ಇದ್ದ ಮಷಿನ್‌ಗಳಲ್ಲಿ ಸ್ಕ್ರೀನಿನ ಮೇಲೆ ಒಂದು ಡಬ್ಬಿ ತೆರೆದುಕೊಂಡು 60 ಸೆಕೆಂಡು ಎಣಿಸಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುತ್ತಿತ್ತು. ಮರುವರ್ಷ ಸ್ಯಾಸರ್ ಬಂತು, ಅದರದೂ ಅದೇ ಆಟ. ಸೈಬರ್ ಕೆಫೆಗಳ ಕಾಲ ಅದು. ರೀಸ್ಟಾರ್ಟ್ ಅಂದರೆ ವೈರಸ್, ವೈರಸ್ ಅಂದರೆ ಫಾರ್ಮ್ಯಾಟ್ ಅನ್ನುವುದು ಆಗ ತಲೆಯಲ್ಲಿ ಕೂತಿತು. ತಮಾಷೆ ಏನೆಂದರೆ ಆಗಲೂ ಫಾರ್ಮ್ಯಾಟ್ ಮದ್ದಾಗಿರಲಿಲ್ಲ. ಹೊಸ ವಿಂಡೋಸ್ ಹಾಕಿ, ಪ್ಯಾಚ್ (ಲೋಪ ಮುಚ್ಚುವ ಅಪ್‌ಡೇಟ್) ಹಾಕದೆ ಇಂಟರ್ನೆಟ್ ಜೋಡಿಸಿದರೆ ವರ್ಮ್ ಮತ್ತೆ ಒಳಗೆ ಬರುತ್ತಿತ್ತು.

ಈಚಿನದೇ ನೋಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಸಾಫ್ಟ್‌ವೇರಿನ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮಷಿನ್‌ಗಳು ಕುಸಿದವು. ಎಷ್ಟೋ ಮಷಿನ್ ಬೂಟ್ ಆಗುವುದು, ಬೀಳುವುದು, ಮತ್ತೆ ಬೂಟ್ ಆಗುವುದು. ಇದು ಪಕ್ಕಾ ಸಾಫ್ಟ್‌ವೇರ್ ತೊಂದರೆ. ಇದಕ್ಕೂ ಯಾರೂ ಫಾರ್ಮ್ಯಾಟ್ ಮಾಡಿ ಅನ್ನಲಿಲ್ಲ. ಅಗತ್ಯವಿದ್ದಷ್ಟೇ ಚಾಲೂ ಆಗುವ ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿದರೆ ಮುಗಿಯುತ್ತಿತ್ತು. ಸಾಫ್ಟ್‌ವೇರಿನ ತಪ್ಪಿಗೇ ಫಾರ್ಮ್ಯಾಟ್ ಬೇಕಾಗಲಿಲ್ಲ ಅಂದ ಮೇಲೆ ಪ್ಲಗ್ಗಿನಿಂದ ಬರುವ ಕರೆಂಟಿನ ತಪ್ಪಿಗೆ ಯಾಕೆ ಬೇಕು?

ಮೊದಲು ನೋಡಬೇಕಾದದ್ದು ಅದು ಹೇಗೆ ಬೀಳುತ್ತದೆ ಅನ್ನುವುದನ್ನು. ವಿಂಡೋಸ್ ಕುಸಿದಾಗ ತೋರಿಸುವ ನೀಲಿ ಸ್ಕ್ರೀನ್ ಬಂದು ಹೋಗುತ್ತದೋ, ಯಾರೋ ಸ್ವಿಚ್ ತೆಗೆದ ಹಾಗೆ ಒಮ್ಮೆಲೇ ಕತ್ತಲಾಗುತ್ತದೋ? ಹೊಸ ವಿಂಡೋಸ್ 11ರಲ್ಲಿ ಆ ನೀಲಿ ಈಗ ಕಪ್ಪಾಗಿದೆ, ಗೊಂದಲ ಇನ್ನೂ ಜಾಸ್ತಿ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ ಅನ್ನುವವರು ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು, ಸ್ಟಾರ್ಟಪ್ ಅಂಡ್ ರಿಕವರಿ ಅನ್ನುವಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಎದುರಿನ ಟಿಕ್ ತೆಗೆಯಿರಿ. ಮುಂದಿನ ಸಲ ಸ್ಕ್ರೀನ್ ಹಾಗೇ ನಿಲ್ಲುತ್ತದೆ, ಅದರಲ್ಲಿನ ಕೋಡನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬಹುದು. ಟಿಕ್ ತೆಗೆದ ಮೇಲೂ ಸ್ಕ್ರೀನ್ ನಿಲ್ಲದೆ ಸೀದಾ ರೀಸ್ಟಾರ್ಟ್ ಆದರೆ ವಿಂಡೋಸಿಗೆ ಬಾಯಿ ಬಿಡುವಷ್ಟೂ ಸಮಯ ಸಿಗಲಿಲ್ಲ ಅಂತ ಅರ್ಥ. ಅನುಮಾನ ಕರೆಂಟು, ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಕೊಡುವ ಡಬ್ಬಿ), ಮದರ್‌ಬೋರ್ಡು ಇವುಗಳ ಕಡೆ ಹೋಗಬೇಕು.

ಎರಡನೆಯದು ಈವೆಂಟ್ ವ್ಯೂವರ್, ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ದಾಖಲೆ ಪುಸ್ತಕ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ. ಅದರಲ್ಲಿ ಸಿಸ್ಟಮ್ ಲಾಗ್ ತೆರೆದರೆ ಕೆಂಪು ಗುರುತಿನ ಜೊತೆ 'ಕರ್ನೆಲ್-ಪವರ್ 41' ಕಾಣುತ್ತದೆ. ಯೂಟ್ಯೂಬಿನಲ್ಲಿ ಇದನ್ನೇ ಒಂದು ರೋಗ ಅಂತ ಹೇಳಿ, ಅದಕ್ಕೆ ನಾಲ್ಕಾರು ಔಷಧಿ ಕೊಡುವ ವಿಡಿಯೋಗಳಿವೆ. 41 ಹೇಳುವುದು ಇಷ್ಟೇ: ಹೋದ ಸಲ ಈ ಮಷಿನ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಯಾಕೆ ಅಂತ ಅದು ಹೇಳುವುದಿಲ್ಲ. ಅದರ ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ ಸೊನ್ನೆ ಇದ್ದರೆ ನೀಲಿ ಸ್ಕ್ರೀನಿನ ದಾಖಲೆ ಇಲ್ಲ ಅಂತ ಲೆಕ್ಕ. ಅದರ ಹತ್ತಿರವೇ 1074 ಅನ್ನುವ ನಂಬರ್ ಕಂಡರೆ ಯಾವುದೋ ಪ್ರೋಗ್ರಾಂ ಕೇಳಿ ರೀಸ್ಟಾರ್ಟ್ ಮಾಡಿಸಿದೆ. ಬಹಳ ಸಲ ಅದು ವಿಂಡೋಸ್ ಅಪ್‌ಡೇಟೇ ಆಗಿರುತ್ತದೆ, ಹೆಸರು ಅಲ್ಲೇ ಬರೆದಿರುತ್ತದೆ. ವೀಯಾ-ಲಾಗರ್ (WHEA-Logger) ಅಂತ ಕಂಡರೆ ಪ್ರೊಸೆಸರು ಅಥವಾ ಬೋರ್ಡು ತಾನೇ ದೂರು ಕೊಟ್ಟಿದೆ. ಫಾರ್ಮ್ಯಾಟ್ ಹೊಡೆಸಿದರೆ ಈ ದಾಖಲೆ ಪೂರಾ ಅಳಿಸಿಹೋಗುತ್ತದೆ. ನನ್ನ ಸಿಟ್ಟಿನ ಅರ್ಧ ಕಾರಣ ಇದೇ. ಕಾರಣ ಹುಡುಕುವ ಮೊದಲೇ ಸಾಕ್ಷಿ ಸುಟ್ಟು ಹಾಕುತ್ತೇವೆ.

ಈಗ ಕರೆಂಟಿನ ವಿಷಯ. ನಮ್ಮ ಊರಿನಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಇದರ ಮೇಲೆ.

ಜಲನಗರದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಒಂದು ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇದೆ. ಭಾವ ಅದರಲ್ಲಿ ಒಣದ್ರಾಕ್ಷಿ ವ್ಯಾಪಾರದ ಟ್ಯಾಲಿ ಲೆಕ್ಕ ಬರೆಯುತ್ತಾರೆ, ರಾತ್ರಿ ಮಗ ಓದುವ ಹೆಸರಿನಲ್ಲಿ ಗೇಮ್ ಆಡುತ್ತಾನೆ. ಬೇಸಿಗೆ ಬಂದಾಗಿನಿಂದ ಅದು ಮನಸ್ಸು ಬಂದಾಗ ರೀಸ್ಟಾರ್ಟ್ ಆಗತೊಡಗಿತು. ಅಂಗಡಿಯಲ್ಲಿ ಫಾರ್ಮ್ಯಾಟ್ ಆಯಿತು, ಟ್ಯಾಲಿ ಮತ್ತೆ ಹಾಕಿಸಿದ್ದಾಯಿತು, ರೋಗ ಹಾಗೇ ಉಳಿಯಿತು. ಹುಡುಗ ಫೋನ್ ಮಾಡಿದ. "ಮಾಮಾ, ಮತ್ತ ಬಂದ್ ಆಗಿ ಚಾಲೂ ಆತು." ಕರೆಂಟ್ ಹೋಗಿತ್ತೇನೋ ಅಂದೆ. "ಇಲ್ಲ ಮಾಮಾ, ಫ್ಯಾನ್ ತಿರುಗಾಕತ್ತಿತ್ತು, ಲೈಟ್ ಹತ್ತೇ ಇತ್ತು."

ಫ್ಯಾನ್ ತಿರುಗುತ್ತಿತ್ತು ಅಂದರೆ ಕರೆಂಟ್ ಹೋಗಲಿಲ್ಲ ಅಂತಲ್ಲ. ಅವರ ಮನೆಯಲ್ಲಿ ಇನ್ವರ್ಟರ್ ಇದೆ. ಮೇನ್ಸ್ ಹೋದಾಗ ಅದು 'ಟಕ್' ಅಂತ ಬ್ಯಾಟರಿಗೆ ಬದಲಾಗುತ್ತದೆ. ಆ ಚೂರು ಹೊತ್ತು ಫ್ಯಾನಿಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕೂಡ ಪೂರ್ತಿ ಲೋಡ್ ಇರುವಾಗ ಮೇನ್ಸ್ ಇಲ್ಲದೆ ಸುಮಾರು 16 ಮಿಲಿಸೆಕೆಂಡು (ಸೆಕೆಂಡಿನ ಸಾವಿರದ 16 ಪಾಲು) ತಡೆದುಕೊಂಡರೆ ಅದೇ ಲೆಕ್ಕಕ್ಕೆ ಸರಿ. ಕಂಪ್ಯೂಟರಿಗೆಂದೇ ಮಾಡಿದ ಯುಪಿಎಸ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ಒಳಗೆ ಬದಲಾಗುತ್ತದೆ. ಮನೆ ಇನ್ವರ್ಟರ್ ಆ ಅವಸರ ಇಟ್ಟುಕೊಂಡಿರುವುದಿಲ್ಲ. ಆದರೆ ಬಹಳಷ್ಟು ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ನಾರ್ಮಲ್ ಅಥವಾ ಇಕೋ, ಇನ್ನೊಂದು ಕಡೆ ಯುಪಿಎಸ್ ಅಂತ ಬರೆದಿರುತ್ತದೆ. ಯುಪಿಎಸ್ ಕಡೆಗೆ ಹಾಕಿದರೆ ಬೇಗ ಬದಲಾಗುತ್ತದೆ. ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಇಳಿದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ನಾರ್ಮಲ್‌ನಲ್ಲಿದ್ದರೆ ಅದಕ್ಕಿಂತ ಬಹಳ ಕಡಿಮೆ ವೋಲ್ಟೇಜನ್ನೂ ಹಾಗೇ ಒಳಗೆ ಬಿಡುತ್ತದೆ. ಅಕ್ಕನ ಮನೆಯದು ನಾರ್ಮಲ್‌ನಲ್ಲಿತ್ತು. ತಂದ ದಿನದಿಂದ ಆ ಸ್ವಿಚ್ಚನ್ನು ಯಾರೂ ಮುಟ್ಟಿರಲಿಲ್ಲ.

ಕೂಡಗಿಯಲ್ಲಿ 2400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ಇದೆ, ಆಲಮಟ್ಟಿಯಲ್ಲೂ ಕರೆಂಟ್ ತಯಾರಾಗುತ್ತದೆ, ಆದರೂ ನಮ್ಮ ಜಿಲ್ಲೆಯಲ್ಲಿ ವೋಲ್ಟೇಜ್ ಯಾಕೆ ಇಳಿಯುತ್ತದೆ ಅಂತ ಭಾವನವರ ಪ್ರಶ್ನೆ. ಅಲ್ಲಿನ ಕರೆಂಟ್ ಗ್ರಿಡ್‌ಗೆ ಹೋಗುತ್ತದೆ. ನಮ್ಮ ಪ್ಲಗ್ಗಿನಲ್ಲಿ ಎಷ್ಟು ವೋಲ್ಟೇಜ್ ಸಿಗುತ್ತದೆ ಅನ್ನುವುದು ಓಣಿಯ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ನಮ್ಮ ಮನೆಯ ಸ್ವಿಚ್ ಬೋರ್ಡಿನವರೆಗಿನ ತಂತಿ, ಅದರ ಮೇಲಿನ ಲೋಡು, ಸಡಿಲ ಜಾಯಿಂಟು ಇವುಗಳ ಮೇಲೆ ನಿಂತಿದೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದಾಗ ಓಣಿಯ ಎಲ್ಲ ಮನೆಗಳ ಕೂಲರು ಒಟ್ಟಿಗೆ ಓಡುತ್ತವೆ. ಅದರ ಜೊತೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೂಲರು, ಕಂಪ್ಯೂಟರು ಎರಡನ್ನೂ ಚುಚ್ಚುವವರು ನಾವೇ ಅಲ್ವಾ?

ಸ್ವಿಚ್ ಬದಲಿಸಿದ ಮೇಲೆ ಅಕ್ಕನ ಮನೆಯ ತೊಂದರೆ ಕಮ್ಮಿ ಆಯಿತು, ಪೂರ್ತಿ ನಿಲ್ಲಲಿಲ್ಲ. ಗೇಮ್ ಜೋರಾದಾಗ ಆಗೊಮ್ಮೆ ಈಗೊಮ್ಮೆ ಬೀಳುತ್ತಿತ್ತು. ಸುಮ್ಮನಿದ್ದಾಗ ಸರಿ, ಕೆಲಸ ಹೆಚ್ಚಾದಾಗ ಬೀಳುವುದು ಅಂದರೆ ಎಸ್‌ಎಂಪಿಎಸ್ ಮೇಲೆ ಕಣ್ಣಿಡಬೇಕು. ಡಬ್ಬಿಯ ಮೇಲೆ 450 ವ್ಯಾಟ್ ಅಂತ ಇರುತ್ತದೆ, ಕೈಯಲ್ಲಿ ಹಿಡಿದರೆ ಹೂವಿನಷ್ಟು ಹಗುರ. ಅಂಥದ್ದನ್ನು ನಾನು ನಂಬುವುದಿಲ್ಲ. ಒಳಗೆ ಚೂರು ಕರೆಂಟ್ ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ ಬಿಸಿ 10 ಡಿಗ್ರಿ ಹೆಚ್ಚಾದಾಗಲೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ, ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್‌ನಲ್ಲಿ ಅವುಗಳ ಪಾಡು ಊಹಿಸಿ. ಕೆಪಾಸಿಟರ್ ಒಣಗಿದಷ್ಟೂ ಆ 16 ಮಿಲಿಸೆಕೆಂಡಿನ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಹಳೇ ಇನ್ವರ್ಟರಿನ ಜೊತೆ ವರ್ಷಗಟ್ಟಲೆ ಸುಮ್ಮನಿದ್ದ ಕಂಪ್ಯೂಟರ್ ಒಮ್ಮೆಲೇ ಹಟ ಮಾಡತೊಡಗಿದ್ದು ಇದಕ್ಕೇ. ಗೆಳೆಯನ ಮಷಿನ್‌ನಿಂದ ಒಂದು ಗಟ್ಟಿ ಎಸ್‌ಎಂಪಿಎಸ್ ತಂದು ಹಾಕಿದೆವು, ನಿಂತಿತು. ಆಮೇಲೆ ಹೊಸದು ಕೊಂಡರು.

ಒಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗುತ್ತೇನೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಮಲ್ಟಿಮೀಟರ್ ಇದ್ದವರು ಹೊರಗಿನ ಹಳದಿ ವೈರಿನಲ್ಲಿ ನೋಡಿದರೆ ಸಾಕು, 11.4ರಿಂದ 12.6 ವೋಲ್ಟಿನ ನಡುವೆ ಇರಬೇಕು. ಅಲ್ಲಿ ಸರಿ ತೋರಿಸಿದರೂ ಲೋಡಿನಲ್ಲಿ ಕ್ಷಣಮಾತ್ರ ಬೀಳುವುದನ್ನು ಮೀಟರ್ ಹಿಡಿಯುವುದಿಲ್ಲ, ಹಾಗಾಗಿ ಬದಲಿಸಿ ನೋಡುವುದೇ ವಾಸಿ.

ಧೂಳಿನ ಬಗ್ಗೆ ನಮ್ಮವರಿಗೆ ಹೇಳಬೇಕಾಗಿಲ್ಲ. ಎರೆಮಣ್ಣಿನ ಧೂಳು ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕಿನಲ್ಲಿ ಕಂಬಳಿಯಂತೆ ಕೂರುತ್ತದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಪ್ರೊಸೆಸರ್ ಬಿಸಿಯಾದರೆ ಮೊದಲು ನಿಧಾನ ಆಗುತ್ತದೆ, ಇನ್ನೂ ಏರಿದರೆ ಹೆಚ್ಚಾಗಿ ಆಫ್ ಆಗಿ ಹಾಗೇ ಉಳಿಯುತ್ತದೆ. ತಕ್ಷಣ ತಾನೇ ಆನ್ ಆಗುವುದು ಬೇರೆ ಲಕ್ಷಣ.

ರ‍್ಯಾಮ್ ಬಗ್ಗೆ ಅಂಗಡಿಯವರ ರಬ್ಬರ್ ವಿದ್ಯೆಯನ್ನು ನಾನು ಗೇಲಿ ಮಾಡುವುದಿಲ್ಲ. ಮೇನ್ಸ್ ತೆಗೆದು, ರ‍್ಯಾಮಿನ ಬಂಗಾರದ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಒರೆಸಿ, ಪುಡಿ ಊದಿ ಮತ್ತೆ ಗಟ್ಟಿಯಾಗಿ ಕೂರಿಸಿದರೆ ಎಷ್ಟೋ ಮಷಿನ್ ಸರಿ ಹೋಗಿವೆ. ಹೋಗದಿದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಪೆನ್‌ಡ್ರೈವಿಗೆ ಹಾಕಿ ರಾತ್ರಿ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ಅದನ್ನು ತಳ್ಳಿಹಾಕಬೇಡಿ. ಇನ್ನೊಂದು ಪುಕ್ಕಟೆ ಪರೀಕ್ಷೆ: ಕ್ಯಾಬಿನೆಟ್ಟಿನ ರೀಸೆಟ್ ಬಟನ್ನಿನಿಂದ ಬೋರ್ಡಿಗೆ ಹೋಗುವ ಎರಡು ಪಿನ್ನಿನ ವೈರನ್ನು ಕಿತ್ತಿಟ್ಟು ಕೆಲವು ದಿನ ನಡೆಸಿ. ಬಟನ್ ಒಳಗೇ ಸಿಕ್ಕಿಕೊಂಡು ತಾನೇ ರೀಸೆಟ್ ಮಾಡುವುದುಂಟು.

ಅಂಗಡಿಯವರನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಹೊಲದ ಬೋರಿನ ಮೋಟರ್ ಸುಟ್ಟರೆ ರಿವೈಂಡಿಂಗ್ ಅಂಗಡಿಯವರು ಮೊದಲು ಕೇಳುವುದು, "ವೋಲ್ಟೇಜ್ ಎಷ್ಟಿತ್ರಿ? ಎರಡು ಫೇಸಿನ ಮ್ಯಾಲೆ ಓಡಿಸಿದ್ರೇನು? ಸ್ಟಾರ್ಟರ್ ಟ್ರಿಪ್ ಆಗಿತ್ತೇನು?" ಯಾಕೆಂದರೆ ಮತ್ತೆ ಸುಟ್ಟರೆ ರೈತ ಬಂದು ಅಂಗಡಿ ಮುಂದೆ ನಿಲ್ಲುತ್ತಾನೆ. ಕಂಪ್ಯೂಟರ್ ಅಂಗಡಿಯಲ್ಲಿ ಅಂಥ ಪ್ರಶ್ನೆ ಹುಟ್ಟದಿರಲು ನಾವೂ ಕಾರಣ. ಪಾರ್ಟಿಗೆ ದುಡ್ಡು ಕೊಡುತ್ತೇವೆ, ಫಾರ್ಮ್ಯಾಟಿಗೆ ಕೊಡುತ್ತೇವೆ. ರಾತ್ರಿಯಿಡೀ ರ‍್ಯಾಮ್ ಟೆಸ್ಟ್ ಮಾಡಿ "ಇದು ಸರಿ ಇದೆ" ಅಂದರೆ ಒಂದು ರೂಪಾಯಿ ಬಿಚ್ಚುವುದಿಲ್ಲ, "ಏನೂ ಮಾಡೇ ಇಲ್ಲಲ್ಲ" ಅನ್ನುತ್ತೇವೆ. ಹಾಗಿದ್ದಾಗ ಅರ್ಧ ದಿನದಲ್ಲಿ ಮುಗಿಯುವ, ಗಿರಾಕಿಗೆ ಹೊಸದಾಗಿ ಕಾಣುವ ಕೆಲಸವನ್ನೇ ಅವರು ಆರಿಸಿಕೊಳ್ಳುತ್ತಾರೆ. ಇನ್ನೊಂದು, ಅಂಗಡಿಯಲ್ಲಿ ಕರೆಂಟ್ ಸರಿ ಇರುತ್ತದೆ. ಅಲ್ಲಿ ಮಷಿನ್ ಮಗುವಿನಂತೆ ಸುಮ್ಮನಿರುತ್ತದೆ, ಮನೆಗೆ ತಂದರೆ ಮತ್ತೆ ಶುರು.

ಅದಕ್ಕೇ ಒಯ್ಯುವಾಗ ಒಂದು ಚೀಟಿ ಬರೆದು ಕೊಡಿ. ಯಾವ ಹೊತ್ತಿನಲ್ಲಿ ಬೀಳುತ್ತದೆ, ನೀಲಿ ಸ್ಕ್ರೀನ್ ಬರುತ್ತದೋ ಇಲ್ಲವೋ, ಆಗ ಏನು ಓಡುತ್ತಿತ್ತು, ಮನೆಯಲ್ಲಿ ಇನ್ವರ್ಟರ್ ಇದೆಯೋ. ಕಾರಣ ಹುಡುಕುವ ಕೆಲಸಕ್ಕೆ ಬೇರೆ ದುಡ್ಡು ಕೊಡುತ್ತೇನೆ ಅಂತ ಬಾಯಿಬಿಟ್ಟು ಹೇಳಿ. ಅದಾದ ಮೇಲೂ ಅವರು ವಿಂಡೋಸಿನದೇ ತಪ್ಪು ಅಂದರೆ, ವಿಂಡೋಸ್ ಬದಲು ಓಡುವ ಲಿನಕ್ಸ್ ಇರುವ ಒಂದು ಪೆನ್‌ಡ್ರೈವಿನಿಂದ ಮಷಿನ್ ಬೂಟ್ ಮಾಡಿ ಮನೆಯಲ್ಲಿ ಒಂದು ದಿನ ಓಡಿಸಿ ನೋಡಿ. ಇನ್‌ಸ್ಟಾಲ್ ಮಾಡದೆ ಬರೀ ಓಡಿಸಿದರೆ ಹಾರ್ಡ್‌ಡಿಸ್ಕಿನಲ್ಲಿನ ಏನನ್ನೂ ಅದು ತಾನಾಗಿ ಮುಟ್ಟುವುದಿಲ್ಲ. ವಿಂಡೋಸ್ ಓಡದೇ ಇರುವಾಗಲೂ ಕಂಪ್ಯೂಟರ್ ರೀಸ್ಟಾರ್ಟ್ ಆದರೆ, ಯಾವುದನ್ನು ಫಾರ್ಮ್ಯಾಟ್ ಹೊಡೆಯುತ್ತೀರಿ ಅಂತ ಅವರನ್ನೇ ಕೇಳಿ.